‘ಬಿದ್ದಿತ್ತಾ?’ ಎಂದು ನಾನು ಕೇಳಿದ್ದು

ರಿಪೇರಿ ಕೆಲಸದಲ್ಲಿ ನಾವು ಗಿರಾಕಿಯನ್ನು ಮೊದಲು ಕೇಳುವ ಪ್ರಶ್ನೆ ಒಂದೇ: “ಕೆಳಗೆ ಬಿದ್ದಿತ್ತಾ?” ನಾನು ಹತ್ತನೇ ಕ್ಲಾಸು ಮುಗಿಸಿ ರೇಡಿಯೊ ಅಂಗಡಿಗೆ ಸೇರಿದಾಗ ಅಲ್ಲಿನ ಯಜಮಾನರು ಇದನ್ನು ಕಲಿಸಿದರು. ಬಿದ್ದ ವಸ್ತುವಾದರೆ ಬೆಸುಗೆ ಬಿಟ್ಟಿರುವ ಜಾಗ ಮೊದಲು ನೋಡಬೇಕು, ಅದಕ್ಕೆ ಕೇಳು ಎಂದಿದ್ದರು. ಆ ಪ್ರಶ್ನೆಗೆ ಇನ್ನೊಂದು ಉಪಯೋಗವಿದೆ ಎಂಬುದನ್ನು ಅವರು ಕಲಿಸಲಿಲ್ಲ, ನಾನೇ ಕಲಿತೆ. ಯಾವ ಮನೆಯಲ್ಲಾದರೂ ಯಾವ ವಸ್ತುವಾದರೂ ಒಂದಲ್ಲ ಒಂದು ಸಲ ಬಿದ್ದೇ ಇರುತ್ತದೆ. ‘ಹೌದು, ಬಿದ್ದಿತ್ತು’ ಎಂದ ಗಿರಾಕಿ ಆಮೇಲೆ ಜೋರು ಮಾಡುವುದಿಲ್ಲ. ತಪ್ಪು ಅವರ ಕಡೆ ಹೋಗಿಬಿಟ್ಟಿರುತ್ತದೆ. ಈ ಪ್ರಶ್ನೆಯನ್ನು ಒಬ್ಬ ಹೆಣ್ಣುಮಗಳಿಗೆ ಕೇಳಿ ನಾನು ಮಾಡಿದ ಅನ್ಯಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ತಿಲಕ್ ನಗರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ. ಒಂದು ದಿನ ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೇ ಗಂಡ ಹೆಂಡತಿ ಇಬ್ಬರು ಆಟೋದಿಂದ ಒಂದು ಸಿಪಿಯು ಇಳಿಸಿಕೊಂಡು ನಿಂತಿದ್ದರು. ಗದಗದ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದರು. ಗಂಡ ಮದುವೆಗಳಿಗೆ ವಿಡಿಯೊ ತೆಗೆಯುತ್ತಿದ್ದ. ಹೆಂಡತಿ ಮನೆಯಲ್ಲಿ ಕುಳಿತು ಅದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಸಿದ್ಧ ಮಾಡುತ್ತಿದ್ದಳು. ಕಂಪ್ಯೂಟರಿನೊಳಗಿದ್ದ ಹಳೆಯ ಡಿಸ್ಕು ಟಿಕ್ ಟಿಕ್ ಎನ್ನುತ್ತಿತ್ತು. ಅದು ಸತ್ತಿದೆ ಎಂದು ಹೇಳಲು ಬಿಚ್ಚಬೇಕಾಗಿರಲಿಲ್ಲ.

“ಅದು ಹೋದ್ರ ಹೋಗ್ಲಿ ಬಿಡ್ರಿ, ಬರೇ ವಿಂಡೋಸ್ ಇತ್ತು. ಮದಿವಿ ಎಲ್ಲಾ ಇದರಾಗ ಅದಾವು,” ಎಂದು ಆಕೆ ಕೈಚೀಲದಿಂದ ಒಂದು ಕಪ್ಪು ಡಬ್ಬಿ ತೆಗೆದಳು. ಹೊರಗಿನಿಂದ ಕೇಬಲ್ ಹಾಕಿ ಬಳಸುವ ನಾಲ್ಕು ಟಿಬಿ ಡಿಸ್ಕು. ಅದನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದಳು.

ಹೊಸ ಡಿಸ್ಕು ಹಾಕಿಸಿ ಎಂದು ಹೇಳುವುದು ಸರಿಯಾದ ಮಾತಾಗಿತ್ತು. ನಾನು ಜಾಣತನ ತೋರಿಸಿದೆ. “ಹೊಸದು ಯಾಕಮ್ಮ? ಈ ಡಬ್ಬಿ ಒಳಗಿರೋದೂ ಮಾಮೂಲಿ ಡಿಸ್ಕೇ. ಬಿಚ್ಚಿ ಸಿಪಿಯು ಒಳಗೇ ಕೂರಿಸಿಬಿಡ್ತೀನಿ. ಒಂದ್ ಚೂರು ಜಾಗ ಬಿಡಿಸ್ಕೊಂಡು ಅದ್ರಲ್ಲೇ ವಿಂಡೋಸ್ ಹಾಕೋಣ. ಕೇಬಲ್ ಎಳೆದಾಡೋ ತಾಪತ್ರಯಾನೂ ಇರಲ್ಲ.”

“ಒಳಗಿಂದಕ್ಕ ಏನೂ ಆಗಂಗಿಲ್ಲಲ್ರೀ?”

“ಏನೂ ಆಗಲ್ಲ.”

“ಸರ ಹೇಳಾಕತ್ತಾರಲ್ಲ, ಬಾ,” ಎಂದ ಗಂಡ. ಆಕೆ ಮೆಟ್ಟಿಲು ಇಳಿದವಳು ತಿರುಗಿ ಬಂದು ಟವೆಲ್ಲನ್ನೂ ಮೇಜಿನ ಮೇಲೆ ಇಟ್ಟು ಹೋದಳು.

ಬಿಚ್ಚುವ ಮುಂಚೆ ಆ ಡಬ್ಬಿಯನ್ನು ಒಮ್ಮೆ ನನ್ನ ಕಂಪ್ಯೂಟರಿಗೆ ಹಚ್ಚಿ, ಒಳಗೆ ಏನಿದೆ ಎಂದು ನೋಡಬೇಕಿತ್ತು. ಗಿರಾಕಿಯ ಎದುರಿಗೇ ನೋಡಬೇಕಿತ್ತು. ಎರಡೂ ಮಾಡಲಿಲ್ಲ. ತೆಳ್ಳನೆಯ ಪಟ್ಟಿ ಹಾಕಿ ಡಬ್ಬಿಯ ಅಂಚು ಎಬ್ಬಿಸಿದೆ, ಡಿಸ್ಕನ್ನು ಅದಕ್ಕೆ ಅಂಟಿಕೊಂಡಿದ್ದ ಸಣ್ಣ ಬೋರ್ಡಿನಿಂದ ಕಳಚಿದೆ, ನೇರವಾಗಿ ಸಿಪಿಯು ಒಳಗೆ ಜೋಡಿಸಿ ವಿಂಡೋಸ್ ಪೆನ್ ಡ್ರೈವ್ ಹಾಕಿ ಆನ್ ಮಾಡಿದೆ.

ಎಲ್ಲಿಗೆ ಹಾಕಲಿ ಎಂದು ಕೇಳುವ ಪರದೆಯಲ್ಲಿ ಮೂರು ಸಾಲು ಕಂಡವು. ಅರ್ಧ ಟಿಬಿಗೂ ಕಮ್ಮಿಯ ಒಂದು ಭಾಗ. ಅದರ ಕೆಳಗೆ ಎರಡು ತುಂಡು, ಎರಡೂ ಖಾಲಿ. ಮದುವೆಗಳಿಂದ ತುಂಬಿದೆ ಎಂದ ಡಿಸ್ಕಿನಲ್ಲಿ ಬಹುಪಾಲು ಖಾಲಿ ಜಾಗ. ಡಿಸ್ಕನ್ನು ತೆಗೆದು ನನ್ನ ಕಂಪ್ಯೂಟರಿಗೆ ಹಾಕಿದೆ. ಅದೂ ಅಷ್ಟೇ ತೋರಿಸಿತು, ಆ ಸಣ್ಣ ಭಾಗವನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಿ ಎಂದಿತು. ಅಳಿಸಿಹೋದ ಕಡತ ಹುಡುಕುವ ತಂತ್ರಾಂಶವನ್ನು ಮೇಲುಮೇಲೆ ಓಡಿಸಿದೆ. ಒಂದು ಫೋಟೊ ಕೂಡ ಸಿಗಲಿಲ್ಲ.

ಆಗ ಫೋನ್ ಮಾಡಬೇಕಿತ್ತು. ಕೈ ಫೋನಿಗೆ ಹೋಗಿತ್ತು ಕೂಡ. ಏನೆಂದು ಹೇಳಲಿ ಎಂದು ಯೋಚಿಸಿ ಕೆಳಗಿಟ್ಟೆ. ಹೇಗಿದ್ದರೂ ಒಳಗಿನದು ಕೆಟ್ಟಿದೆ, ಕಂಪ್ಯೂಟರನ್ನಾದರೂ ನಡೆಯುವಂತೆ ಮಾಡಿ ಕೊಡೋಣ ಎಂದುಕೊಂಡೆ.

ಅಲ್ಲಿಂದ ಮುಂದೆ ನನ್ನ ತಲೆಯಲ್ಲಿ ಮದುವೆಗಳು ಇರಲಿಲ್ಲ, ಗಡಿ ಇತ್ತು. ಈ ಗಡಿಯ ವಿಷಯ ಸ್ವಲ್ಪ ಹೇಳಬೇಕು. ಪ್ರತಿ ಡಿಸ್ಕಿನ ತಲೆಯಲ್ಲಿ ಒಂದು ಪಟ್ಟಿ ಇರುತ್ತದೆ, ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲು. ಹಳೆಯ ಪದ್ಧತಿಯ ಪಟ್ಟಿಗೆ ಎಂಬಿಆರ್ ಎನ್ನುತ್ತಾರೆ. ಹಳೆಯ ಸ್ಕೂಟರಿನ ಮೀಟರಿನಲ್ಲಿ ಇಂತಿಷ್ಟೇ ಅಂಕಿಗೆ ಜಾಗ ಇರುವಂತೆ, ಆ ಪಟ್ಟಿಯಲ್ಲಿ ಎರಡು ಟಿಬಿ ದಾಟಿದ ಲೆಕ್ಕ ಬರೆಯಲು ಜಾಗವೇ ಇಲ್ಲ. ಖಾಲಿ ಜಾಗ ಎರಡು ತುಂಡಾಗಿ ಕಂಡದ್ದು ಅದಕ್ಕೇ, ಗಡಿಯ ಈಚೆಗೊಂದು, ಆಚೆಗೊಂದು. ವಿಂಡೋಸ್ ಹಾಕಲು ಹೋದರೆ, ಈ ಡಿಸ್ಕಿನಲ್ಲಿ ಹಳೆಯ ಪಟ್ಟಿ ಇದೆ, ಇಲ್ಲಿ ಕೂರಲಾರೆ ಎಂದಿತು. ಸಿಪಿಯುವಿನ ಸೆಟ್ಟಿಂಗನ್ನು ಹಳೆಯ ರೀತಿಗೆ ತಿರುಗಿಸಿ ಮತ್ತೆ ಹಾಕಿದೆ. ಈ ಸಲ ಒಪ್ಪಿತು, ಆದರೆ ಗಡಿಯಾಚೆಯ ತುಂಡನ್ನು ಮುಟ್ಟಲು ಬಿಡಲಿಲ್ಲ. ಮೌಸಿನ ಬಲ ಗುಂಡಿ ಒತ್ತಿದರೆ ಎಲ್ಲ ಆಯ್ಕೆಗಳೂ ಮಸುಕಾಗಿದ್ದವು. ನಾಲ್ಕು ಟಿಬಿ ತಂದವರಿಗೆ ಎರಡು ಟಿಬಿ ಕೊಟ್ಟು ಕಳಿಸುವುದೇ?

ಊಟಕ್ಕೆ ಮನೆಗೆ ಹೋಗಲಿಲ್ಲ. ಹೊಸ ಪದ್ಧತಿಯ ಪಟ್ಟಿಗೆ ಈ ಗಡಿ ಇಲ್ಲ ಎಂಬುದು ಗೊತ್ತಿತ್ತು. ಅದಕ್ಕೆ ಬದಲಾಯಿಸಬೇಕಾದರೆ ಹಳೆಯ ಪಟ್ಟಿಯನ್ನು ಅಳಿಸಬೇಕು. ಸೆಟ್ಟಿಂಗನ್ನು ಮೊದಲಿನಂತೆ ಮಾಡಿ, ಆಜ್ಞೆ ಬರೆಯುವ ಕಪ್ಪು ಪರದೆ ತೆರೆದು, ಡಿಸ್ಕು ಆರಿಸಿ, ‘ಕ್ಲೀನ್’ ಎಂದು ಟೈಪು ಮಾಡಿ ಎಂಟರ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಪಟ್ಟಿ ಬದಲಾಯಿಸಿದೆ. ಈಗ ನಾಲ್ಕು ಟಿಬಿಯೂ ಒಂದೇ ಸಾಲಿನಲ್ಲಿ ಬಂತು. ಸಾಲನ್ನು ಎರಡು ಭಾಗ ಮಾಡಿ ವಿಂಡೋಸ್ ಕೂರಿಸಿದೆ. ಆ ಹೊತ್ತಿನಲ್ಲಿ ನನಗೆ ಖುಷಿಯಾಗಿತ್ತು. ಅದನ್ನೂ ಬರೆಯಲೇಬೇಕು. ಎಸ್ಸೆಸ್ಸೆಲ್ಸಿ ಓದಿದವನು ಗಡಿ ದಾಟಿಸಿದೆನಲ್ಲ ಎಂದು ಪಕ್ಕದ ಜೆರಾಕ್ಸ್ ಅಂಗಡಿಯವನಿಗೆ ಕಾಫಿ ಕೊಡಿಸಿದೆ.

ಸಂಜೆ ಗಂಡ ಹೆಂಡತಿ ಬಂದರು. ಪರದೆ ಉರಿಯುತ್ತಿತ್ತು. ಆಕೆ ನಿಂತಲ್ಲೇ ಬಗ್ಗಿ ಮೌಸ್ ಹಿಡಿದು ಡಿಸ್ಕು ತೆರೆದು ನೋಡಿದಳು.

“ಖಾಲಿ ಐತಲ್ರೀ ಇದು?”

ಏನು ಹೇಳಬೇಕೆಂದು ನಾನು ಮೊದಲೇ ಲೆಕ್ಕ ಹಾಕಿರಲಿಲ್ಲ. ಅಭ್ಯಾಸದ ಮಾತು ಬಾಯಿಗೆ ತಾನೇ ಬಂತು. “ಡಿಸ್ಕು ಬರುವಾಗಲೇ ಹಾಗಿತ್ತಮ್ಮ. ಯಾವಾಗಾದ್ರೂ ಕೆಳಗೆ ಬಿದ್ದಿತ್ತಾ?”

ಆಕೆ ಗಂಡನ ಮುಖ ನೋಡಿದಳು. ಇಲ್ಲ ಎನ್ನಬಹುದಿತ್ತು. “ಹೌದ್ರಿ, ದೀಪಾವಳಿಗೆ ಮನಿ ಸ್ವಚ್ಛ ಮಾಡೂವಾಗ ಟೇಬಲ್ ಮ್ಯಾಲಿಂದ ಜಾರಿತ್ತು. ಆದ್ರ ಆಮ್ಯಾಲ ಭಾಳ ಸಲ ಹಚ್ಚೇನ್ರಿ, ಚಲೋ ನಡದಿತ್ತು.”

“ಪೆಟ್ಟು ಒಳಗೇ ಇರುತ್ತೆ. ನಿಧಾನಕ್ಕೆ ಕೆಲಸ ಮಾಡುತ್ತೆ,” ಎಂದೆ.

“ಅವತ್ತ ಹೇಳಿದ್ನೋ ಇಲ್ಲೋ?” ಗಂಡ ಜೋರಾಗಿ ಹೇಳಲಿಲ್ಲ, ಮೆಲ್ಲಗೇ ಹೇಳಿದ. “ಅದನ್ನ ಮುಟ್ಟಬ್ಯಾಡ, ನಾ ಎತ್ತಿಡ್ತೀನಿ ಅಂತ ಹೇಳಿದ್ನೋ ಇಲ್ಲೋ? ಗೊಟ್ಟಿಗೆರಿ ಗೌಡ್ರಿಗೆ ಈಗ ಏನ ಹೇಳ್ಲಿ?”

ಗೊಟ್ಟಿಗೆರೆಯ ಗೌಡರ ಮಗಳ ಮದುವೆ ವಿಡಿಯೊ ಇನ್ನೂ ಕೊಟ್ಟಿರಲಿಲ್ಲವಂತೆ. ಆಕೆ ಮೇಜಿನ ಮೇಲಿದ್ದ ಟವೆಲ್ಲನ್ನು ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು.

ಅವತ್ತು ನನ್ನ ಮಟ್ಟಿಗೆ ಅದು ಅರ್ಧ ಸುಳ್ಳು. ಡಿಸ್ಕು ಕೆಟ್ಟೇ ಬಂದಿತ್ತು ಎಂದು ನಿಜಕ್ಕೂ ನಂಬಿದ್ದೆ. ನಾನು ಕ್ಲೀನ್ ಮಾಡಿದೆ ಎಂಬುದನ್ನು ಮಾತ್ರ ನುಂಗಿದ್ದೆ.

ಕೆಲವು ತಿಂಗಳ ಮೇಲೆ ಅರೆಕೆರೆಯ ಒಬ್ಬ ಹಿರಿಯರು ಬಂದರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡಿದ್ದವರು. ಅವರ ಕೈಯಲ್ಲೂ ಅಂಥದೇ ಕಪ್ಪು ಡಬ್ಬಿ. ಕೇಬಲ್ ಸಿಕ್ಕಿಸುವ ತೂತು ಸಡಿಲವಾಗಿದೆ, ಒಳಗೇ ಕೂರಿಸಿಕೊಡಿ ಎಂದರು. ಅವರು ಸ್ಟೂಲ್ ಎಳೆದುಕೊಂಡು ಎದುರಿಗೇ ಕುಳಿತರು. ಬಿಚ್ಚಿ ಹಾಕಿದೆ. ಪರದೆಯಲ್ಲಿ ಅದೇ ಮೂರು ಸಾಲು. ಅರ್ಧ ಟಿಬಿಗೂ ಕಮ್ಮಿಯ ಒಂದು ಭಾಗ, ಎರಡು ಖಾಲಿ ತುಂಡು.

“ಇದು ಕೆಳಗೆ ಬಿದ್ದಿತ್ತಾ ಸಾರ್?”

“ಹೋದ್ವಾರ ಬಚ್ಚಲಲ್ಲಿ ನಾನ್ ಬಿದ್ದೆ. ಅದ್ ಯಾಕ್ ಬೀಳುತ್ತೆ?”

“ಅಲ್ಲ, ಒಳಗೆ ಏನೂ ಕಾಣ್ತಿಲ್ಲ. ಪೆಟ್ಟೇನಾದ್ರೂ...”

“ರೀ ಸ್ವಾಮಿ, ನಿನ್ನೆ ಸಂಜೆ ಇದ್ರಲ್ಲೇ ಮೊಮ್ಮಗಳ ನಾಮಕರಣ ನೋಡಿದೀನಿ. ಬೀಗರಿಗೂ ತೋರಿಸಿದೀನಿ. ಬಂದಂಗೇ ವಾಪಸ್ ಕೊಡಿ. ಬಾಡಿಗೆದಾರ ಖಾಲಿ ಮಾಡ್ವಾಗ ಗೋಡೆಗೆ ಮೊದ್ಲೇ ತೂತಿತ್ತು ಅಂತಾನಲ್ಲ, ಹಂಗ್ ಮಾತಾಡ್ಬೇಡಿ ನೀವು.”

ಬಂದ ಹಾಗೇ ಕೊಡುವುದೆಂದರೆ ಮತ್ತೆ ಡಬ್ಬಿಗೆ ಹಾಕಬೇಕು. ಡಿಸ್ಕನ್ನು ಅದರ ಸಣ್ಣ ಬೋರ್ಡಿಗೆ ಸಿಕ್ಕಿಸಿ, ತೂತನ್ನು ಬೆರಳಿನಿಂದ ಒತ್ತಿ ಹಿಡಿದು ಕೇಬಲ್ ಹಾಕಿದೆ. ಎಲ್ಲ ಬಂತು. ನಾಮಕರಣ, ಬೀಗರು, ಗೃಹಪ್ರವೇಶ, ಪೂರ್ತಿ ನಾಲ್ಕು ಟಿಬಿ.

“ನೋಡಿ, ನಾನ್ ಹೇಳಿಲ್ವಾ?” ಎಂದರು ಅವರು. ನನ್ನ ಬೆರಳು ಆ ಕೇಬಲ್ ಮೇಲೆಯೇ ಇತ್ತು. ಬಿಟ್ಟರೆ ಎಲ್ಲ ಮಾಯವಾಗುತ್ತಿತ್ತು.

ಆ ಬೋರ್ಡಿನ ಗುಟ್ಟು ಆಮೇಲೆ ಹುಡುಕಿ ಓದಿ ತಿಳಿದೆ. ಹಳೆಯ ಪಟ್ಟಿಯ ಗಡಿ ದಾಟಲು ಆ ಡಬ್ಬಿಗಳನ್ನು ಮಾಡಿದವರು ಒಂದು ಉಪಾಯ ಮಾಡಿದ್ದರು. ಬರೆಯಲು ಅಂಕಿಗಳಿಗೆ ಜಾಗ ಸಾಲದಿದ್ದರೆ ಅಳತೆಯ ಕೋಲನ್ನೇ ದೊಡ್ಡದು ಮಾಡಿದರಾಯಿತು. ಡಬ್ಬಿಯೊಳಗಿನ ಬೋರ್ಡು ಡಿಸ್ಕನ್ನು ಎಂಟು ಪಟ್ಟು ದೊಡ್ಡ ಕೋಲಿನಲ್ಲಿ ಅಳೆದು ಪಟ್ಟಿ ಬರೆಯುತ್ತಿತ್ತು. ಬೋರ್ಡು ಕಳಚಿದಾಗ ನನ್ನ ಕಂಪ್ಯೂಟರ್ ಅದೇ ಅಂಕಿಯನ್ನು ಸಣ್ಣ ಕೋಲಿನಲ್ಲಿ ಓದಿತು. ಸೈಟಿನ ಪತ್ರದಲ್ಲಿ ಗಜದಲ್ಲಿ ಬರೆದದ್ದನ್ನು ಅಡಿ ಎಂದು ಓದಿ, ನಿಮ್ಮ ಸೈಟು ಇಷ್ಟೇ, ಉಳಿದದ್ದು ಬಯಲು ಎಂದ ಹಾಗೆ. ನಾಲ್ಕು ಟಿಬಿಯ ಎಂಟನೇ ಒಂದು ಪಾಲೇ ಆ ಅರ್ಧ ಟಿಬಿ. ಲೆಕ್ಕ ನನ್ನ ಕಣ್ಣ ಮುಂದೆಯೇ ಇತ್ತು.

ಅಂದರೆ ಆ ಹೆಣ್ಣುಮಗಳ ಡಿಸ್ಕಿಗೆ ಏನೂ ಆಗಿರಲಿಲ್ಲ. ಅದು ಮೇಜಿನಿಂದ ಬಿದ್ದದ್ದು ಬರಿಯ ಬೀಳುವಿಕೆ, ಅಷ್ಟೇ. ಕೆಡಿಸಿದವನು ನಾನು.

ಇದಕ್ಕಿಂತ ದೊಡ್ಡ ತಪ್ಪನ್ನು ಮಾಡಿದ್ದು ಇದಾದ ಮೇಲೆ. ಕ್ಲೀನ್ ಎಂಬ ಆಜ್ಞೆ ಪಟ್ಟಿಯನ್ನಷ್ಟೇ ಅಳಿಸುತ್ತದೆ, ಕಡತಗಳನ್ನಲ್ಲ. ಅವುಗಳ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಅವು ಅಲ್ಲೇ ಇರುತ್ತವೆ. ಇದು ಗೊತ್ತಿದ್ದೂ ನಾನು ಅವರಿಗೆ ಫೋನ್ ಮಾಡಲಿಲ್ಲ. ಮದುವೆಯ ಹಂಗಾಮು ಆಗಷ್ಟೇ ಶುರುವಾಗಿತ್ತು. ಅವರು ವಾರ ವಾರವೂ ಹೊಸ ಮದುವೆಗಳನ್ನು ಅದೇ ಡಿಸ್ಕಿಗೆ ತುಂಬುತ್ತಿದ್ದಾರೆ, ಒಂದೊಂದು ಹೊಸದೂ ಒಂದು ಹಳೆಯದರ ಮೇಲೆ ಕೂರುತ್ತಿದೆ ಎಂದು ಗೊತ್ತಿತ್ತು. ಅಂಗಡಿ ದಾರಿಯ ಕಲ್ಯಾಣ ಮಂಟಪದ ಮುಂದೆ ಹೂವಿನ ಕಮಾನು ಕಂಡರೆ ತಲೆ ಬಗ್ಗಿಸಿ ಸ್ಕೂಟರ್ ಓಡಿಸುತ್ತಿದ್ದೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಈ ವಯಸ್ಸಿನಲ್ಲಿ ಅಂಗಡಿಯ ಹೆಸರು ಕೆಡಿಸಿಕೊಳ್ಳಬೇಕೇ ಎಂದೂ ಯೋಚಿಸಿದೆ. ನನ್ನ ಹೆಸರು ಉಳಿದಷ್ಟು ದಿನವೂ ಅವರ ಮದುವೆಗಳು ಅಳಿಯುತ್ತಿದ್ದವು.

ಕೊನೆಗೆ ಗಂಡನೇ ಫೋನ್ ಮಾಡಿದ. “ಸರ, ಬಿದ್ದ ಡಿಸ್ಕ್ ಮ್ಯಾಲ ಇನ್ನ ನಂಬಿಕಿ ಇಲ್ರಿ. ಇನ್ನೊಂದು ತಂದೇನಿ, ಮನಿಗೆ ಬಂದು ಹಾಕಿ ಕೊಡ್ತೀರೇನ್ರಿ?”

ಹೋದೆ. ಮೊದಲ ಮಹಡಿಯಲ್ಲಿ ಎರಡು ಕೋಣೆ. ಕಂಪ್ಯೂಟರ್ ಮೇಜು ಕಿಟಕಿಯ ಹತ್ತಿರ ಇತ್ತು, ಆದರೆ ಸಿಪಿಯು ಅದರ ಹತ್ತಿರ ಇರಲಿಲ್ಲ. ಗೋಡೆಗೆ ಮೊಳೆ ಹೊಡೆದು, ಆಳೆತ್ತರದಲ್ಲಿ ಒಂದು ಹಲಗೆ ಕೂರಿಸಿ ಅದರ ಮೇಲೆ ಇಟ್ಟಿದ್ದ. ಕುರ್ಚಿ ಹತ್ತಿದರೇ ಕೈಗೆ ಸಿಗುತ್ತಿತ್ತು.

“ಇಷ್ಟು ಮೇಲೆ ಯಾಕಪ್ಪ?”

“ಆಕಿ ಕೈಗೆ ಸಿಗಬಾರ್ದು ಅಂತ,” ಎಂದು ನಕ್ಕ. ಅಡುಗೆ ಕಟ್ಟೆಯ ಹತ್ತಿರ ಚಹಾ ಸೋಸುತ್ತಿದ್ದ ಆಕೆ ತಿರುಗಲಿಲ್ಲ.

“ಎಡಿಟಿಂಗ್ ಯಾರು ಮಾಡ್ತಾರೆ ಈಗ?”

“ಹೊರಗ ಕೊಡ್ತೀನ್ರಿ. ಆಕಿ ಬಿಟ್ಲು.”

“ನಾ ಬಿಡ್ಲಿಲ್ರಿ,” ಎಂದಳು ಆಕೆ, ಬೆನ್ನು ಮಾಡಿಯೇ. “ಬಿಡಿಸಿದ್ರು.”

ಆಮೇಲೆ ಆಕೆ ಚಹಾದ ಲೋಟವನ್ನು ನನ್ನ ಕೈಗೆ ಕೊಡದೆ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ಮರ್ಯಾದೆ ತಪ್ಪಿ ಹಾಗೆ ಮಾಡಲಿಲ್ಲ. ಕೈಯಿಂದ ಕೈಗೆ ಏನನ್ನೂ ಕೊಡಲು ಆಕೆಗೆ ಅಳುಕಾಗಿಬಿಟ್ಟಿತ್ತು ಎಂದು ನನಗನ್ನಿಸಿತು. ನಾನು ಕುರ್ಚಿ ಹತ್ತಿ ಸಿಪಿಯು ಇಳಿಸಿ, ಹಿಂದಿನ ವೈರನ್ನು ಕಿತ್ತೆ.

“ಇದನ್ನ ಇನ್ಮೇಲೆ ಆನ್ ಮಾಡ್ಬೇಡಿ,” ಎಂದೆ. “ಇಬ್ರೂ ಕೂತ್ಕೊಳ್ಳಿ. ಡಿಸ್ಕು ಬಿದ್ದಿದ್ದಕ್ಕೆ ಕೆಟ್ಟಿದ್ದಲ್ಲ. ನಾನು ಕೆಡಿಸಿದ್ದು.”

ಡಬ್ಬಿ, ಬೋರ್ಡು, ಕ್ಲೀನ್, ಅರೆಕೆರೆಯವರ ನಾಮಕರಣ, ಎಲ್ಲ ಹೇಳಿದೆ. ಗೊತ್ತಾದ ಮೇಲೂ ಸುಮ್ಮನಿದ್ದದ್ದನ್ನೂ ಹೇಳಿದೆ. ಗಂಡ ಎದ್ದು ನಿಂತ.

“ಗೌಡ್ರು ನನಗ ಮಂದಿ ಮುಂದ ಏನೇನ ಅಂದ್ರು ಗೊತ್ತೈತೇನ್ರಿ ನಿಮಗ?”

“ಅವರದು ಇರ್ಲಿ,” ಎಂದಳು ಆಕೆ. ಗಂಡನತ್ತ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. “ನಾ ಬಿದ್ದಿತ್ತು ಅಂದಾಗ ನಿಮಗ ಹಗುರ ಅನಿಸ್ತೇನ್ರಿ?”

“ಅನಿಸ್ತಮ್ಮ.”

ಆಕೆ ತಲೆಯಾಡಿಸಿದಳು. ಗಂಡ ಕಿಟಕಿಯ ಹತ್ತಿರ ಹೋಗಿ ನಿಂತ.

ಡಿಸ್ಕನ್ನು ಅಂಗಡಿಗೆ ತಂದೆ. ಹಳೆಯ ರೇಡಿಯೊ ಮೆಕ್ಯಾನಿಕ್ಕುಗಳಾದ ನಾವು ಯಾವ ಬೋರ್ಡನ್ನೂ ಎಸೆಯುವುದಿಲ್ಲ. ಆ ಕಪ್ಪು ಡಬ್ಬಿಯ ಬೋರ್ಡು ನನ್ನ ಡ್ರಾಯರಿನಲ್ಲಿಯೇ ಇತ್ತು. ಈಚಿನ ಮದುವೆಗಳನ್ನು ಅವರು ತಂದಿದ್ದ ಹೊಸ ಡಿಸ್ಕಿಗೆ ಇಳಿಸಿ, ಹಳೆಯದನ್ನು ಅದರ ಬೋರ್ಡಿಗೆ ಸಿಕ್ಕಿಸಿ, ಈ ಸಲ ಹುಡುಕುವ ತಂತ್ರಾಂಶವನ್ನು ತಳದವರೆಗೆ ಓಡಲು ಬಿಟ್ಟೆ. ದಿನಗಟ್ಟಲೆ ಓಡಿತು. ಸಿಕ್ಕಿದ್ದನ್ನೆಲ್ಲ ಇಳಿಸಲು ನಾನೇ ಇನ್ನೊಂದು ಡಿಸ್ಕು ತಂದೆ. ಕಡತಗಳ ಹೆಸರು ಬರೆದಿದ್ದ ಜಾಗದ ಮೇಲೆ ವಿಂಡೋಸ್ ಕೂತಿದ್ದರಿಂದ ಬಂದ ಯಾವುದಕ್ಕೂ ಹೆಸರಿರಲಿಲ್ಲ. ಯಾರ ಮದುವೆ, ಯಾವ ಊರು, ಒಂದೂ ಗೊತ್ತಾಗುತ್ತಿರಲಿಲ್ಲ.

ಹೆಸರಿಡಲು ಆಕೆಯೇ ಬಂದಳು. ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು. “ಇದು ಬನಶಂಕರಿದು.” “ಇದು ಜೆಪಿ ನಗರದವರ ಸೀಮಂತ, ನಿಲ್ಲಸ್ರಿ.” ಒಂದು ಕಡೆ ಪರದೆಯಲ್ಲಿ ವರನ ಸೋದರಮಾವ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಆಕೆಗೆ ನಗು ಬಂತು, ನನ್ನ ಮುಖ ಕಂಡು ನುಂಗಿಕೊಂಡಳು.

ಬಹುಪಾಲು ಸಿಕ್ಕಿತು. ಗೊಟ್ಟಿಗೆರೆಯ ಮದುವೆಯಲ್ಲಿ ಆರತಕ್ಷತೆ ಪೂರ್ತಿ ಬಂತು. ಮಾರನೆಯ ಬೆಳಗಿನ ಮುಹೂರ್ತದ ಕಡತವೂ ಸಿಕ್ಕಿತು ಎಂದುಕೊಂಡೆವು. ವಧುವನ್ನು ಕರೆತಂದರು, ಅಂತರಪಟ ಹಿಡಿದರು, ಧಾರೆಗೆ ಗೌಡರು ಚೆಂಬು ಎತ್ತಿದರು. ಅಲ್ಲಿಗೆ ಪರದೆ ಹಸಿರಾಗಿ ಒಡೆದು ನಿಂತಿತು. ಮುಂದಕ್ಕೆ ಓಡಿಸಿ ನೋಡಿದೆವು. ಅದರಾಚೆಗೆ ಏನೂ ಇರಲಿಲ್ಲ.

ಆ ಜಾಗದ ಮೇಲೆ ಕೂತದ್ದು ಯಾರ ಮದುವೆ ಎಂದು ನಾನು ಖಚಿತವಾಗಿ ಹೇಳಲಾರೆ. ಆದರೆ ಆ ಡಿಸ್ಕಿನಲ್ಲಿದ್ದ ಹೊಸ ಕಡತಗಳ ದಿನಾಂಕಗಳನ್ನು ಒಂದೊಂದಾಗಿ ನೋಡಿದ್ದೇನೆ. ಬಹುತೇಕ ಎಲ್ಲವೂ ನನಗೆ ವಿಷಯ ಗೊತ್ತಾದ ಮೇಲಿನವು. ಅರೆಕೆರೆಯವರು ಎದ್ದು ಹೋದ ದಿನವೇ ಫೋನ್ ಮಾಡಿದ್ದರೆ ಗೌಡರು ಮಗಳಿಗೆ ಧಾರೆ ಎರೆದದ್ದು ಬಹುಶಃ ಉಳಿಯುತ್ತಿತ್ತು.

ಗೊಟ್ಟಿಗೆರೆಗೆ ಆ ಗಂಡನ ಜೊತೆ ನಾನೂ ಹೋದೆ. ಗೌಡರು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿ, “ಧಾರೆನೇ ಇಲ್ವಲ್ಲಪ್ಪ,” ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಕೊನೆಗೆ ಎಲ್ಲ ಸರಿಹೊಂದಿಸಿದ ಡಿಸ್ಕನ್ನು ತೆಗೆದುಕೊಂಡು ಆ ಗಂಡ ಹೆಂಡತಿಯ ಮನೆಗೆ ಹೋದೆ. ಗೋಡೆಯ ಮೇಲಿನ ಹಲಗೆ ಖಾಲಿಯಿತ್ತು, ಸಿಪಿಯು ಕೆಳಗೆ ಮೇಜಿನ ಪಕ್ಕಕ್ಕೆ ಬಂದಿತ್ತು. ಡಿಸ್ಕನ್ನು ಗಂಡನಿಗೆ ಕೊಡಲು ಹೋದೆ. ಅವನು ಕೈ ಚಾಚಲಿಲ್ಲ.

“ಆಕಿ ಕೈಯಾಗ ಕೊಡ್ರಿ,” ಎಂದ.

ಆಕೆ ಮುಂದೆ ಬಂದಳು. ಹಳೆಯ ಟವೆಲ್ಲು ಹೆಗಲ ಮೇಲಿತ್ತು. ಡಿಸ್ಕನ್ನು ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನನ್ನು ಕೇಳಿದಳು:

“ಬರೂವಾಗ ದಾರ್ಯಾಗ ಎಲ್ಲೂ ಬಿದ್ದಿಲ್ಲಲ್ರೀ?”

ಗಂಡ ನಕ್ಕುಬಿಟ್ಟ. ಆಕೆ ನಗಲಿಲ್ಲ, ಉತ್ತರಕ್ಕಾಗಿ ಕಾಯುತ್ತಿದ್ದಳು.

“ಇಲ್ಲಮ್ಮ, ಬಿದ್ದಿಲ್ಲ,” ಎಂದೆ.